ನೈಟ್ರಿಕ್ ಆಮ್ಲ: ಹುಳಿ ಬೇರೆ, ಹಸಿವು ಬೇರೆ

ಆಮ್ಲಜನಕ ಎಂಬ ಹೆಸರಿನಲ್ಲೇ ಒಂದು ಹಳೆಯ ತಪ್ಪು ಅಡಗಿ ಕೂತಿದೆ. ಆಮ್ಲವನ್ನು ಹುಟ್ಟಿಸುವಂಥದ್ದು ಎಂದು ಅದರ ಅರ್ಥ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ 18ನೇ ಶತಮಾನದಲ್ಲಿ ಗ್ರೀಕ್ ಪದಗಳಿಂದ ಕಟ್ಟಿದ ಹೆಸರನ್ನು ಕನ್ನಡ ಹಾಗೇ ಅನುವಾದ ಮಾಡಿಕೊಂಡಿತು. ಗಂಧಕವನ್ನು, ರಂಜಕವನ್ನು ಸುಟ್ಟು ನೀರಿಗೆ ಬೆರೆಸಿದರೆ ಆಮ್ಲ ಸಿಗುತ್ತಿತ್ತು. ನೈಟ್ರಿಕ್ ಆಮ್ಲದೊಳಗೂ ಇದೇ ಅನಿಲ ಇದೆಯೆಂದು ಅವನು 1776ರಲ್ಲಿ ತೋರಿಸಿದ್ದ. ಹಾಗಾಗಿ ಹುಳಿಗೆಲ್ಲ ಮೂಲ ಇದೇ ಎಂದು ನಂಬಿದ. 1810ರಲ್ಲಿ ಹಂಫ್ರಿ ಡೇವಿ ಆ ನಂಬಿಕೆಯನ್ನು ಮುರಿದ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಒಂದು ಚೂರೂ ಇಲ್ಲ. ಹುಳಿಯ ಮೂಲ ಜಲಜನಕ. ಹೆಸರು ಮಾತ್ರ ಉಳಿದುಕೊಂಡಿತು.

ಈ ಹಳೆಯ ಗೊಂದಲವನ್ನು ನೆನಪಿಸಲು ಕಾರಣವಿದೆ. ನೈಟ್ರಿಕ್ ಆಮ್ಲದ ವಿಷಯಕ್ಕೆ ಬಂದಾಗ ಅದೇ ಗೊಂದಲ ಬೇರೆ ವೇಷದಲ್ಲಿ ಮತ್ತೆ ಎದುರಾಗುತ್ತದೆ. ತಾಮ್ರವನ್ನು, ಬೆಳ್ಳಿಯನ್ನು ಕರಗಿಸುತ್ತದಲ್ಲ, ಅದು ಅಷ್ಟು ‘ಪ್ರಬಲ ಆಮ್ಲ’ವಾದ್ದರಿಂದಲೇ ಅಲ್ಲವೇ ಎಂದು ಕೇಳುವವರು ಬಹಳ. ಅಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಇದಕ್ಕಿಂತ ಪ್ರಬಲ. ಆದರೂ ಗಾಳಿ ತಾಗದಂತೆ ಇಟ್ಟರೆ ಸಾರರಿಕ್ತ, ಅಂದರೆ ನೀರು ಬೆರೆಸಿದ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ತಂತಿ ಎಷ್ಟು ದಿನವಾದರೂ ಹೊಳೆಯುತ್ತಲೇ ಇರುತ್ತದೆ.

ಒಂದು ಆಮ್ಲ ಎಷ್ಟು ಪ್ರಬಲ ಎಂದು ಅಳೆಯುವುದು, ಅದು ತನ್ನ ಜಲಜನಕವನ್ನು ಪ್ರೋಟಾನ್ ರೂಪದಲ್ಲಿ ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಎಂಬುದರಿಂದ. ಇದು ಕೊಡುವ ಗುಣ. ಉತ್ಕರ್ಷಣ ಅದಕ್ಕೆ ತದ್ವಿರುದ್ಧ: ಎದುರಿಗಿದ್ದ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಗುಣ. ಮೊದಲನೆಯದನ್ನು ಹುಳಿ ಎನ್ನೋಣ, ಎರಡನೆಯದನ್ನು ಹಸಿವು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹುಳಿ ಇದೆ, ಹೇಳಿಕೊಳ್ಳುವಂಥ ಹಸಿವಿಲ್ಲ. ಪೆಟ್ಲುಪ್ಪಿಗೆ, ಅಂದರೆ ಪೊಟ್ಯಾಸಿಯಂ ನೈಟ್ರೇಟಿಗೆ, ಹಸಿವಿದೆ, ಹುಳಿಯಿಲ್ಲ. ನೈಟ್ರಿಕ್ ಆಮ್ಲಕ್ಕೆ ಎರಡೂ ಇವೆ.

ಹಸಿವು ಎಲ್ಲಿಂದ ಬಂತು? ಅದರ ಅಣುವಿನಲ್ಲಿ ಒಂದು ಜಲಜನಕ, ಒಂದು ಸಾರಜನಕ, ಮೂರು ಆಮ್ಲಜನಕ. ಎಲೆಕ್ಟ್ರಾನ್‌ಗಳನ್ನು ಸೆಳೆಯುವುದರಲ್ಲಿ ಆಮ್ಲಜನಕ ಗಟ್ಟಿಗ. ಮೂರು ಆಮ್ಲಜನಕಗಳು ಸುತ್ತ ನಿಂತು ನಡುವಿನ ಸಾರಜನಕವನ್ನು ಬರಿದು ಮಾಡಿಬಿಟ್ಟಿವೆ. ಲೆಕ್ಕದ ಭಾಷೆಯಲ್ಲಿ ಅದರ ಉತ್ಕರ್ಷಣ ಸಂಖ್ಯೆ +5, ಸಾರಜನಕ ಏರಬಹುದಾದ ತುತ್ತತುದಿ. ಇನ್ನು ಮೇಲೇರಲು ಜಾಗವಿಲ್ಲ, ಇಳಿಯಲು ಮಾತ್ರ ದಾರಿ. ಎಲೆಕ್ಟ್ರಾನ್ ಸಿಕ್ಕಷ್ಟೂ ಅದು ಕೆಳಗಿಳಿಯುತ್ತದೆ.

ಈ ಹಸಿವನ್ನು ಅಳೆಯಲು ರಸಾಯನಶಾಸ್ತ್ರಜ್ಞರ ಬಳಿ ವೋಲ್ಟ್‌ಗಳ ಒಂದು ಏಣಿ ಇದೆ. ಬರೀ ಪ್ರೋಟಾನ್ ಎಲೆಕ್ಟ್ರಾನ್ ಪಡೆದು ಜಲಜನಕ ಅನಿಲವಾಗುವ ಮೆಟ್ಟಿಲನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ತಾಮ್ರ 0.34 ವೋಲ್ಟಿನ ಮೆಟ್ಟಿಲಲ್ಲಿ ಕೂತಿದೆ, ಬೆಳ್ಳಿ 0.80ರಲ್ಲಿ, ಚಿನ್ನ 1.50ರಲ್ಲಿ. ಒಂದು ಲೋಹದಿಂದ ಎಲೆಕ್ಟ್ರಾನ್ ಕಸಿಯಬೇಕಾದರೆ ಕಸಿಯುವವನು ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇರಬೇಕು. ಪ್ರೋಟಾನ್ ಸೊನ್ನೆಯಲ್ಲಿ ನಿಂತು ತಾಮ್ರಕ್ಕೆ ಕೈಚಾಚಿದರೆ ಎಟುಕುವುದಿಲ್ಲ. ಆಮ್ಲೀಯ ದ್ರಾವಣದಲ್ಲಿ ನೈಟ್ರೇಟ್ ನೈಟ್ರಿಕ್ ಆಕ್ಸೈಡ್ ಆಗುವ ಮೆಟ್ಟಿಲು 0.96. ಅಲ್ಲಿಂದ ತಾಮ್ರವೂ ಬೆಳ್ಳಿಯೂ ಕೈಗೆ ಸಿಗುತ್ತವೆ, ಚಿನ್ನ ಸಿಗುವುದಿಲ್ಲ. ಹಿಂದಿನ ಲೋಹಗಾರರು ಇದನ್ನು ‘ಆಕ್ವಾ ಫೋರ್ಟಿಸ್’, ಬಲಶಾಲಿ ನೀರು, ಎಂದು ಕರೆದು ಚಿನ್ನದಿಂದ ಬೆಳ್ಳಿಯನ್ನು ಬೇರ್ಪಡಿಸಲು ಬಳಸಿದ್ದು ಇದೇ ಕಾರಣಕ್ಕೆ. ಅವರಿಗೆ ವೋಲ್ಟ್ ಗೊತ್ತಿರಲಿಲ್ಲ, ಬೆಳ್ಳಿ ಕರಗಿ ಚಿನ್ನ ತಳದಲ್ಲಿ ಉಳಿಯುವುದು ಗೊತ್ತಿತ್ತು.

ಸಾರರಿಕ್ತ ನೈಟ್ರಿಕ್ ಆಮ್ಲಕ್ಕೆ ತಾಮ್ರ ಹಾಕಿದಾಗಿನ ಸಮೀಕರಣವನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರಿಗೆ 3 ಮತ್ತು 8 ಎಂಬ ಅಂಕಿಗಳು ನೆನಪಿರಬಹುದು: ಮೂರು ತಾಮ್ರಕ್ಕೆ ಎಂಟು ಆಮ್ಲ. ಈ ಎಂಟು ಎಲ್ಲಿಂದ ಬಂತೆಂದು ನನಗಂತೂ ಯಾರೂ ಹೇಳಿರಲಿಲ್ಲ. ಬಿಡಿಸಿ ನೋಡಿದರೆ ಹುಳಿ ಮತ್ತು ಹಸಿವಿನ ಲೆಕ್ಕವೇ ಅದರಲ್ಲಿದೆ. ಮೂರು ತಾಮ್ರದ ಪರಮಾಣುಗಳು ತಲಾ ಎರಡರಂತೆ ಆರು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಅವನ್ನು ತಿನ್ನುವುದು ಕೇವಲ ಎರಡು ನೈಟ್ರೇಟ್, ತಲಾ ಮೂರರಂತೆ. ಉಳಿದ ಆರು ಆಮ್ಲದ ಅಣುಗಳು ಯಾವ ಎಲೆಕ್ಟ್ರಾನನ್ನೂ ಮುಟ್ಟುವುದಿಲ್ಲ. ಅವು ತಮ್ಮ ಪ್ರೋಟಾನ್ ಕೊಟ್ಟು, ನೈಟ್ರೇಟ್ ಅಯಾನುಗಳಾಗಿ ತಾಮ್ರದ ಜೊತೆಗೆ ನೀಲಿ ದ್ರಾವಣದಲ್ಲಿ ಉಳಿಯುತ್ತವೆ. ಎಂಟರಲ್ಲಿ ಎರಡು ಉಣ್ಣುತ್ತವೆ, ಎಂಟೂ ಪ್ರೋಟಾನ್ ಕೊಡುತ್ತವೆ.

ಪ್ರೋಟಾನ್ ಯಾಕೆ ಬೇಕು? ಇಲ್ಲಿಯೇ ಹುಳಿಗೂ ಹಸಿವಿಗೂ ಇರುವ ನಂಟು ಕಾಣುವುದು. ಪೆಟ್ಲುಪ್ಪಿನ ದ್ರಾವಣದಲ್ಲಿ ತಾಮ್ರದ ಚೂರು ಹಾಕಿದರೆ ಏನೂ ಆಗುವುದಿಲ್ಲ. ನೈಟ್ರೇಟ್ ಬೇಕಾದಷ್ಟು ಇದ್ದರೂ ಸುಮ್ಮನಿರುತ್ತದೆ. ಅದಕ್ಕೇ ಗಂಧಕಾಮ್ಲ ಸೇರಿಸಿ ಬಿಸಿ ಮಾಡಿದರೆ ದ್ರಾವಣ ನೀಲಿಯಾಗತೊಡಗುತ್ತದೆ. ನೈಟ್ರೇಟ್ ಎಲೆಕ್ಟ್ರಾನ್ ಪಡೆದು ನೈಟ್ರಿಕ್ ಆಕ್ಸೈಡ್ ಆಗಬೇಕಾದರೆ ತನ್ನ ಮೂರು ಆಮ್ಲಜನಕಗಳಲ್ಲಿ ಎರಡನ್ನು ಹೊರಹಾಕಬೇಕು. ಬರೀ ಆಕ್ಸೈಡ್ ಅಯಾನು ನೀರಿನಲ್ಲಿ ಹಾಗೇ ತೇಲಿಹೋಗಲಾರದು. ಪ್ರೋಟಾನ್‌ಗಳು ಬಂದು ಹಿಡಿದುಕೊಂಡರೆ ಅದು ನೀರಿನ ಅಣುವಾಗಿ ಸಲೀಸಾಗಿ ಹೊರಡುತ್ತದೆ. ಎರಡು ಆಮ್ಲಜನಕಕ್ಕೆ ನಾಲ್ಕು ಪ್ರೋಟಾನ್. ಆಮ್ಲೀಯತೆ ಕಡಿಮೆಯಾದಂತೆ 0.96ರ ಮೆಟ್ಟಿಲೂ ಕುಸಿಯುತ್ತದೆ. ತಟಸ್ಥ ದ್ರಾವಣದಲ್ಲಿ ಅದು ಸುಮಾರು 0.4 ವೋಲ್ಟಿಗೆ ಬಂದಿರುತ್ತದೆ. ಲೋಹದಿಂದ ಎಲೆಕ್ಟ್ರಾನ್ ಕೀಳುವುದು ಹುಳಿಯಲ್ಲ, ಆದರೆ ಹುಳಿ ಇಲ್ಲದೆ ನೈಟ್ರೇಟಿನ ಹಸಿವು ಕೆರಳುವುದಿಲ್ಲ.

ಇನ್ನೊಂದು ಒಗಟು ಇದೆ. ಸಾರಯುಕ್ತ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಹಾಕಿದರೆ ಕೆಂಗಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಏಳುತ್ತದೆ. ನೀರು ಬೆರೆಸಿದ ಆಮ್ಲದಲ್ಲಿ ಬರುವುದು ಬಣ್ಣವಿಲ್ಲದ ನೈಟ್ರಿಕ್ ಆಕ್ಸೈಡ್. ಅದು ಗಾಳಿ ಸೋಕಿದ ಮೇಲಷ್ಟೇ ಕಂದಾಗುತ್ತದೆ. ಡೈಆಕ್ಸೈಡಿನಲ್ಲಿ ಸಾರಜನಕ +4ಕ್ಕೆ ಇಳಿದಿದೆ, ಒಂದೇ ಎಲೆಕ್ಟ್ರಾನ್ ಪಡೆದಿದೆ. ನೈಟ್ರಿಕ್ ಆಕ್ಸೈಡಿನಲ್ಲಿ +2, ಅಂದರೆ ಮೂರು ಪಡೆದಿದೆ. ಹೆಚ್ಚು ಉಗ್ರವಾದ ಆಮ್ಲ ಕಡಿಮೆ ತಿನ್ನುತ್ತದೆ, ಸೌಮ್ಯವಾದದ್ದು ಹೆಚ್ಚು ತಿನ್ನುತ್ತದೆ! ಪಠ್ಯಪುಸ್ತಕಗಳು ಎರಡು ಸಮೀಕರಣಗಳನ್ನು ಅಕ್ಕಪಕ್ಕ ಬರೆದು ಮುಂದೆ ಹೋಗುವುದು ಇಲ್ಲೇ.

ಕಾರಣ ಲೋಹದ ಮೇಲ್ಮೈಯಲ್ಲಿಲ್ಲ, ಸುತ್ತಲಿನ ದ್ರವದಲ್ಲಿದೆ. ಸಾರಯುಕ್ತ ಆಮ್ಲದಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟಿದರೂ ಅದು ಹೊರಗೆ ಬರುವುದರೊಳಗೆ ಸುತ್ತಲಿನ ಆಮ್ಲವೇ ಅದನ್ನು ಉತ್ಕರ್ಷಿಸಿ ಡೈಆಕ್ಸೈಡ್ ಮಾಡಿಬಿಡುತ್ತದೆ. ನೀರು ಹೆಚ್ಚಿದ್ದಾಗ ಇದೇ ಕ್ರಿಯೆ ಹಿಮ್ಮುಖವಾಗುತ್ತದೆ: ಡೈಆಕ್ಸೈಡ್ ನೀರಿನೊಡನೆ ಸೇರಿ, ಒಂದು ಪಾಲು ನೈಟ್ರಿಕ್ ಆಮ್ಲವಾಗಿ ಮರಳಿ, ಇನ್ನೊಂದು ಪಾಲು ನೈಟ್ರಿಕ್ ಆಕ್ಸೈಡಾಗಿ ಇಳಿಯುತ್ತದೆ. ನಮ್ಮ ಕಣ್ಣಿಗೆ ಬೀಳುವ ಅನಿಲ ಮೊದಲ ಘಟನೆಯ ಸಾಕ್ಷಿಯಲ್ಲ, ಕೊನೆಯ ರಾಜಿಯ ಫಲ. ಲೋಹ ಧಾರಾಳಿಯಾಗಿದ್ದರೆ ಇಳಿತ ಇನ್ನೂ ಆಳಕ್ಕೆ ಹೋಗುತ್ತದೆ. ಬಹಳ ನೀರು ಬೆರೆಸಿದ ಆಮ್ಲಕ್ಕೆ ಸತು ಹಾಕಿದರೆ ಸಾರಜನಕ ಎಂಟು ಎಲೆಕ್ಟ್ರಾನ್ ನುಂಗಿ +5ರಿಂದ −3ಕ್ಕೆ, ಅಂದರೆ ಅಮೋನಿಯಂ ತನಕ ಇಳಿದುಬಿಡುತ್ತದೆ. ಆದರೆ ಶೇಕಡಾ ಒಂದೆರಡರಷ್ಟೇ ಇರುವ ತಣ್ಣನೆಯ ಆಮ್ಲದಲ್ಲಿ ಮೆಗ್ನೀಸಿಯಂ ಸಾಮಾನ್ಯ ಆಮ್ಲಗಳಲ್ಲಿ ಆಗುವಂತೆ ಜಲಜನಕವನ್ನೇ ಬಿಡಿಸುತ್ತದೆ. ಮ್ಯಾಂಗನೀಸ್ ಕೂಡ ಹಾಗೆಯೇ.

ಈ ಕ್ರಿಯೆ ಶುರುವಾಗುವ ಬಗೆಯೂ ವಿಚಿತ್ರ. ತಾಮ್ರ ಹಾಕಿದ ಕೂಡಲೇ ಭೋರ್ಗರೆಯುವುದಿಲ್ಲ. ಸ್ವಲ್ಪ ಹೊತ್ತು ತಡೆದು, ಆಮೇಲೆ ಇದ್ದಕ್ಕಿದ್ದಂತೆ ರಭಸ ಏರುತ್ತದೆ. ನಿಜವಾಗಿ ಚುರುಕಾಗಿ ಕೆಲಸ ಮಾಡುವುದು ಸಾರಜನಕ +3ಕ್ಕೆ ಇಳಿದಿರುವ ನೈಟ್ರಸ್ ಆಮ್ಲ, ಮತ್ತದು ಕ್ರಿಯೆಯಲ್ಲೇ ಹುಟ್ಟುತ್ತದೆ. ಹುಟ್ಟಿದಷ್ಟೂ ಕ್ರಿಯೆ ಜೋರು, ಜೋರಾದಷ್ಟೂ ಅದು ಇನ್ನಷ್ಟು ಹುಟ್ಟುತ್ತದೆ. ನೈಟ್ರಸ್ ಆಮ್ಲವನ್ನು ನಾಶಮಾಡುವ ಯೂರಿಯಾ ಸೇರಿಸಿದರೆ ತಾಮ್ರ ಕರಗುವುದು ಗಣನೀಯವಾಗಿ ನಿಧಾನವಾಗುತ್ತದೆ. ಕಲಕಿದರೆ ಏನಾಗಬೇಕು? ಸಕ್ಕರೆ ಬೇಗ ಕರಗುವಂತೆ ತಾಮ್ರವೂ ಬೇಗ ಕರಗಬೇಕು ಅನ್ನಿಸುತ್ತದೆ. ಆಗುವುದು ಉಲ್ಟಾ: ಕಲಕಿದಾಗ ಲೋಹದ ಪಕ್ಕದಲ್ಲಿ ಕೂಡಿಕೊಂಡಿದ್ದ ನೈಟ್ರಸ್ ಆಮ್ಲ ಚದುರಿಹೋಗಿ ಕ್ರಿಯೆ ತಣ್ಣಗಾಗುತ್ತದೆ.

ಹಸಿವು ಅತಿಯಾದರೆ ಬಾಯಿಗೇ ಬೀಗ ಬೀಳುವುದುಂಟು. ಕಬ್ಬಿಣ ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಅದು ಬುಸುಗುಟ್ಟುತ್ತಾ ಕರಗುತ್ತದೆ. ಸಾರಯುಕ್ತ ಆಮ್ಲದಲ್ಲಿ ಅದ್ದಿದರೆ ಏನೂ ಆಗದು. 1790ರಲ್ಲಿ ಜೇಮ್ಸ್ ಕೀರ್ ಇದನ್ನು ವರದಿ ಮಾಡಿದ. ಹಾಗೆ ಅದ್ದಿ ತೆಗೆದ ಕಬ್ಬಿಣ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣದಲ್ಲೂ ತಾಮ್ರವನ್ನು ಮೈಗೆ ಹಚ್ಚಿಕೊಳ್ಳುವುದಿಲ್ಲ, ತನ್ನ ಸ್ವಭಾವವನ್ನೇ ಮರೆತ ಹಾಗೆ ಇರುತ್ತದೆ. ಒಂದು ಕಡೆ ಕೆರೆದರೆ ಸಾಕು, ಮರೆತದ್ದೆಲ್ಲ ನೆನಪಾಗುತ್ತದೆ. 1836ರಲ್ಲಿ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ಇದಕ್ಕೆ ‘ನಿಷ್ಕ್ರಿಯ’ ಸ್ಥಿತಿ ಎಂದು ಹೆಸರಿಟ್ಟು ಮೈಕೆಲ್ ಫ್ಯಾರಡೆಗೆ ಪತ್ರ ಬರೆದ. ಕಣ್ಣಿಗೆ ಕಾಣದ ಆಕ್ಸೈಡಿನ ಪದರ ಇರಬೇಕೆಂದು ಫ್ಯಾರಡೆ ಊಹಿಸಿದ. ಊಹೆ ಸರಿಯಾಗಿತ್ತು. ಆಮ್ಲ ಲೋಹದ ಮೇಲ್ಮೈಯನ್ನು ಎಷ್ಟು ಬೇಗ ಉತ್ಕರ್ಷಿಸುತ್ತದೆಂದರೆ ಕೆಲವೇ ನ್ಯಾನೋಮೀಟರ್ ದಪ್ಪದ, ಬಿರುಕಿಲ್ಲದ ಆಕ್ಸೈಡ್ ಹೊದಿಕೆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಂ, ಕ್ರೋಮಿಯಂಗಳದ್ದೂ ಇದೇ ಕತೆ. ಹಾಗಾಗಿಯೇ ಬಹಳ ಸಾರಯುಕ್ತವಾದ ನೈಟ್ರಿಕ್ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಸಾಗಿಸಬಹುದು. ಅದೇ ಟ್ಯಾಂಕಿಗೆ ನೀರು ಬೆರೆಸಿದ ಆಮ್ಲ ತುಂಬಿದರೆ ಕೊರೆತ ಶುರು.

ಇನ್ನು ಚಿನ್ನ. 1.50ರ ಮೆಟ್ಟಿಲಲ್ಲಿ ಕೂತ ಅದನ್ನು ಇಳಿಸಲು ಆಮ್ಲವನ್ನು ಮೇಲೇರಿಸುವುದಕ್ಕಿಂತ ಚಿನ್ನದ ಮೆಟ್ಟಿಲನ್ನೇ ಕೆಳಗೆ ಎಳೆಯುವುದು ಸುಲಭ. ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ಆಕ್ವಾ ರೀಜಿಯಾ, ರಾಜದ್ರವ, ಮಾಡುವುದು ಇದನ್ನೇ. ಅಯಾನಾದ ಚಿನ್ನವನ್ನು ನಾಲ್ಕು ಕ್ಲೋರೈಡುಗಳು ಸುತ್ತುವರಿದು ಕಟ್ಟಿಹಾಕುತ್ತವೆ. ಆಗ ಚಿನ್ನದ ಮೆಟ್ಟಿಲು 1.00 ವೋಲ್ಟಿಗೆ ಇಳಿಯುತ್ತದೆ. ಸಾರಯುಕ್ತ ಆಮ್ಲದ ಹಸಿವಿಗೂ, ಮಿಶ್ರಣದಲ್ಲೇ ಹುಟ್ಟುವ ಕ್ಲೋರಿನ್ನಿಗೂ ಅದು ಎಟುಕುವ ಎತ್ತರ. ಒಬ್ಬ ಕೀಳುತ್ತಾನೆ, ಇನ್ನೊಬ್ಬ ಮತ್ತೆ ಕೂರಲು ಬಿಡದೆ ಹಿಡಿದಿಡುತ್ತಾನೆ. 1940ರ ಏಪ್ರಿಲಿನಲ್ಲಿ ನಾಜಿ ಸೇನೆ ಕೋಪನ್‌ಹೇಗನ್ನಿಗೆ ನುಗ್ಗಿದಾಗ ನೀಲ್ಸ್ ಬೋರ್ ಸಂಸ್ಥೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಜಾರ್ಜ್ ಡಿ ಹೆವೆಸಿ ಅವರು ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳನ್ನು ಇದರಲ್ಲೇ ಕರಗಿಸಿ ಬಾಟಲಿಯನ್ನು ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಬಾಟಲಿ ಹಾಗೇ ಇತ್ತು, ಅದರಿಂದ ಚಿನ್ನ ಮರಳಿ ಪಡೆದು ಪದಕಗಳನ್ನು ಹೊಸದಾಗಿ ಎರಕ ಹೊಯ್ದರು.

ಇಲ್ಲಿಯವರೆಗೆ ಹುಳಿ ಎಂದರೆ ಕೊಡುವ ಗುಣ ಎಂದೆ. ಅದೂ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ನೈಟ್ರಿಕ್ ಆಮ್ಲವನ್ನು ತನಗಿಂತ ಪ್ರಬಲವಾದ ಗಂಧಕಾಮ್ಲದ ಜೊತೆ ಇಟ್ಟರೆ ಪ್ರೋಟಾನ್ ಕೊಡುವ ಸರದಿ ಗಂಧಕಾಮ್ಲದ್ದು. ಬೇಡವೆಂದರೂ ನೈಟ್ರಿಕ್ ಆಮ್ಲ ಅದನ್ನು ತೆಗೆದುಕೊಳ್ಳಬೇಕು. ಅಂದರೆ ಅಲ್ಲಿ ಅದು ಪ್ರತ್ಯಾಮ್ಲ! ಪ್ರೋಟಾನ್ ಹೊತ್ತ ಅಣು ಒಂದು ನೀರನ್ನು ಕಳಚಿಕೊಂಡು ನೈಟ್ರೋನಿಯಂ ಅಯಾನಾಗುತ್ತದೆ. ಒಂದು ಸಾರಜನಕ, ಎರಡು ಆಮ್ಲಜನಕ, ಮೇಲೊಂದು ಧನ ಆವೇಶ. ಬೆಂಜೀನ್ ಥರದ ಉಂಗುರಗಳ ಮೇಲೆ ಎರಗಿ ನೈಟ್ರೋ ಗುಂಪನ್ನು ಕೂರಿಸುವುದು ಇದೇ. ಬಣ್ಣಗಳು, ಔಷಧಿಗಳು, ಸಿಡಿಮದ್ದುಗಳು ಈ ದಾರಿಯಲ್ಲಿ ಬಂದವು. 1847ರಲ್ಲಿ ಟ್ಯೂರಿನ್ನಿನಲ್ಲಿ ಅಸ್ಕಾನಿಯೊ ಸೊಬ್ರೆರೊ ಮಾಡಿದ ನೈಟ್ರೋಗ್ಲಿಸರಿನ್‌ನಲ್ಲಿ ಹಸಿವೂ ಆಹಾರವೂ ಒಂದೇ ಅಣುವಿನಲ್ಲಿ ಪಕ್ಕಪಕ್ಕ ಕೂತಿವೆ. ಅದರ ಭಯಾನಕ ಗುಣಕ್ಕೆ ಬೇರೆ ವಿವರಣೆ ಬೇಕಿಲ್ಲ. ಆಮ್ಲ ಕೈಗೆ ತಾಗಿದಾಗ ಚರ್ಮ ಹಳದಿಯಾಗುವುದೂ ಇಂಥದೇ ಕ್ರಿಯೆ: ಚರ್ಮದ ಪ್ರೋಟೀನಿನಲ್ಲಿರುವ ಟೈರೋಸಿನ್, ಟ್ರಿಪ್ಟೋಫಾನ್‌ಗಳ ಉಂಗುರಗಳಿಗೆ ನೈಟ್ರೋ ಗುಂಪು ಅಂಟಿಕೊಳ್ಳುತ್ತದೆ. ಅದು ಮೇಲೆ ಕೂತ ಕಲೆಯಲ್ಲ, ಸೋಪಿಗೆ ಹೋಗುವುದಿಲ್ಲ. ಆ ಚರ್ಮ ಉದುರಿದಾಗಲೇ ಹೋಗಬೇಕು.

ಹುಳಿ ಬೇರೆ, ಹಸಿವು ಬೇರೆ ಎಂಬುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಬೇಕೆಂದರೆ ಪರ್ಕ್ಲೋರಿಕ್ ಆಮ್ಲವನ್ನು ನೋಡಬೇಕು. ಹುಳಿಯಲ್ಲಿ ಅದು ನೈಟ್ರಿಕ್ ಆಮ್ಲವನ್ನು ಮೀರಿಸುತ್ತದೆ. ಏಣಿಯ ಮೇಲೂ ಅದರ ಸ್ಥಾನ ಎತ್ತರ, ಸುಮಾರು 1.39 ವೋಲ್ಟ್. ಆದರೂ ತಣ್ಣಗಿನ, ನೀರು ಬೆರೆಸಿದ ಪರ್ಕ್ಲೋರಿಕ್ ಆಮ್ಲಕ್ಕೆ ಸತು ಹಾಕಿದರೆ ಸಾಧು ಆಮ್ಲದ ಹಾಗೆ ಜಲಜನಕ ಬಿಟ್ಟು ಸುಮ್ಮನಾಗುತ್ತದೆ. ನಾಲ್ಕು ಆಮ್ಲಜನಕಗಳು ಕ್ಲೋರಿನ್ನಿನ ಸುತ್ತ ಗೋಡೆ ಕಟ್ಟಿವೆ, ಎಲೆಕ್ಟ್ರಾನ್ ಒಳಗೆ ನುಸುಳಲು ದಾರಿಯಿಲ್ಲ. ಹಸಿವಿದೆ, ಬಾಯಿ ತೆರೆಯುತ್ತಿಲ್ಲ. ಸಾರಯುಕ್ತವಾಗಿ ಬಿಸಿಯಾದಾಗ ಗೋಡೆ ಒಡೆಯುತ್ತದೆ, ಆಗ ಎದುರಿಗೆ ಸಾವಯವ ವಸ್ತು ಇದ್ದರೆ ಸ್ಫೋಟ. 1947ರ ಫೆಬ್ರವರಿ 20ರಂದು ಲಾಸ್ ಏಂಜಲೀಸಿನ ಲೋಹಲೇಪನ ಕಾರ್ಖಾನೆಯೊಂದರಲ್ಲಿ ಪರ್ಕ್ಲೋರಿಕ್ ಆಮ್ಲವೂ ಅಸಿಟಿಕ್ ಅನ್‌ಹೈಡ್ರೈಡೂ ಬೆರೆತಿದ್ದ ತೊಟ್ಟಿ ಸಿಡಿದು 17 ಮಂದಿ ಸತ್ತರು. ಏಣಿಯ ಅಂಕಿ ಹೇಳುವುದು ಕ್ರಿಯೆ ಆಗಬಹುದೇ ಎಂಬುದನ್ನು ಮಾತ್ರ. ಯಾವಾಗ ಆಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ನೈಟ್ರಿಕ್ ಆಮ್ಲವನ್ನು ಮಾಡುವ ಬಗೆಯನ್ನೂ ಸ್ವಲ್ಪ ನೋಡೋಣ. ಮಧ್ಯಯುಗದ ರಸವಾದಿಗಳು ಪೆಟ್ಲುಪ್ಪು, ಪಟಿಕ, ಮೈಲುತುತ್ತಗಳನ್ನು ಕಾಯಿಸಿ ಹೊಗೆಯನ್ನು ಇಳಿಸಿಕೊಂಡರು. 1785ರಲ್ಲಿ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲೇ ವಿದ್ಯುತ್ ಕಿಡಿ ಹಾರಿಸಿ ಇದನ್ನು ಪಡೆದ. ಗಾಳಿಯ ಸಾರಜನಕವೆಲ್ಲ ಮುಗಿದರೂ 120ನೇ ಒಂದು ಭಾಗವನ್ನು ಮೀರದ ಒಂದು ಗುಳ್ಳೆ ಹಟ ಹಿಡಿದು ಉಳಿಯಿತೆಂದು ಅವನು ಬರೆದಿಟ್ಟ. ಅದು ಆರ್ಗಾನ್ ಎಂದು ಜಗತ್ತಿಗೆ ತಿಳಿದದ್ದು 1894ರಲ್ಲಿ. ಇಂದಿನ ವಿಧಾನಕ್ಕೆ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1902ರಲ್ಲಿ ಪೇಟೆಂಟ್ ಪಡೆದ. ಅಮೋನಿಯ ಮತ್ತು ಗಾಳಿಯನ್ನು 800ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗೆ ಕಾದ ಪ್ಲಾಟಿನಂ-ರೋಡಿಯಂ ಜಾಲರಿಯ ಮೂಲಕ ಹಾಯಿಸುತ್ತಾರೆ. ಜಾಲರಿಯನ್ನು ದಾಟಲು ಅನಿಲಕ್ಕೆ ಸಿಗುವ ಸಮಯ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಹೆಚ್ಚು ಹೊತ್ತು ನಿಂತರೆ ನೈಟ್ರಿಕ್ ಆಕ್ಸೈಡ್ ಬದಲು ಬರೀ ಸಾರಜನಕ ಬರುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಇಷ್ಟು ಧಾವಂತದ ನಂತರ ಬರುವ ಹೆಜ್ಜೆ ತಾಳ್ಮೆಯದ್ದು. ನೈಟ್ರಿಕ್ ಆಕ್ಸೈಡ್ ಗಾಳಿಯೊಡನೆ ಸೇರಿ ಡೈಆಕ್ಸೈಡ್ ಆಗಬೇಕು, ಆಮೇಲೆ ಅದನ್ನು ನೀರು ಹೀರಬೇಕು. ಬಿಸಿ ಮಾಡಿದರೆ ಬಹುತೇಕ ಎಲ್ಲ ಕ್ರಿಯೆಗಳೂ ಚುರುಕಾಗುತ್ತವೆ. ಇದು ತಣ್ಣಗಾದಷ್ಟೂ ಚುರುಕು. ಎರಡು ನೈಟ್ರಿಕ್ ಆಕ್ಸೈಡುಗಳು ಮೊದಲು ಸಡಿಲವಾಗಿ ಜೋಡಿಯಾಗಿ ಆಮ್ಲಜನಕಕ್ಕೆ ಕಾಯಬೇಕು, ಬಿಸಿಯಲ್ಲಿ ಆ ಜೋಡಿ ನಿಲ್ಲುವುದೇ ಇಲ್ಲ. ನೈಟ್ರಿಕ್ ಆಮ್ಲದ ಕಾರ್ಖಾನೆಯಲ್ಲಿ ಎದ್ದು ಕಾಣುವ ಎತ್ತರದ ಗೋಪುರಗಳು ಈ ನಿಧಾನಕ್ಕಾಗಿಯೇ ಇರುವಂಥವು. ಹೀಗೆ ಬಂದ ಆಮ್ಲದ ಬಹುಪಾಲು ಗೊಬ್ಬರಕ್ಕೆ ಹೋಗುತ್ತದೆ. ಜಾಲರಿಯ ಬಳಿ ಪಕ್ಕದ ಉತ್ಪನ್ನವಾಗಿ ಹುಟ್ಟುವ ನೈಟ್ರಸ್ ಆಕ್ಸೈಡ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಅದನ್ನು ಹೊರಗೆ ಬಿಡುವ ಮುನ್ನ ಒಡೆಯುವ ಕ್ರಿಯಾವರ್ಧಕಗಳಿವೆ, ಎಲ್ಲ ಕಡೆ ಅಳವಡಿಸಿಲ್ಲ.

ಪ್ರಯೋಗಾಲಯದ ಬಾಟಲಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 68ರ ಆಮ್ಲ. ಆ ಪ್ರಮಾಣದಲ್ಲಿ ನೀರೂ ಆಮ್ಲವೂ ಒಟ್ಟಿಗೇ ಆವಿಯಾಗುವುದರಿಂದ ಬರೀ ಕುದಿಸಿ ಇನ್ನಷ್ಟು ಸಾರ ಪಡೆಯಲಾಗದು. ಬೆಳಕು ಬಿದ್ದರೆ ಆಮ್ಲ ನಿಧಾನವಾಗಿ ಒಡೆದು ಹಳದಿಗಟ್ಟುತ್ತದೆ, ಅದಕ್ಕೇ ಕಂದು ಬಾಟಲಿ. ಹೊಗೆಯನ್ನು ಉಸಿರಾಡಿದವರು ಮೊದಲು ಬರೀ ಕೆಮ್ಮಿ ಸುಮ್ಮನಾಗಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದು ಹಲವು ಗಂಟೆಗಳ ನಂತರ. ಆಗ ‘ಈಗ ಚೆನ್ನಾಗಿದ್ದೇನೆ’ ಎಂಬ ಮಾತಿಗೆ ಬೆಲೆಯಿಲ್ಲ, ಆಸ್ಪತ್ರೆಗೆ ಹೋಗಲೇಬೇಕು. ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಆಗುವ ಅವಘಡ ಮಾತ್ರ ಇನ್ನೂ ಸರಳವಾದದ್ದು: ಅಸಿಟೋನ್, ಆಲ್ಕೋಹಾಲ್ ಹಾಕಿದ್ದ ತ್ಯಾಜ್ಯದ ಬಾಟಲಿಗೆ ನೈಟ್ರಿಕ್ ಆಮ್ಲ ಸುರಿದು ಮುಚ್ಚಳ ಬಿಗಿಯುವುದು.

ಇದರ ದೊಡ್ಡ ರೂಪ 2014ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕಂಡಿತು. ಅಲ್ಲಿ ನೆಲದಡಿ ಸುಮಾರು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ಅಣ್ವಸ್ತ್ರ ತಯಾರಿಕೆಯ ತ್ಯಾಜ್ಯವನ್ನು ಹೂಳುತ್ತಾರೆ. ಪ್ಲುಟೋನಿಯಂ ಸಂಸ್ಕರಣೆಗೆ ನೈಟ್ರಿಕ್ ಆಮ್ಲ ಬಳಸಿದ್ದರಿಂದ ಕೆಲವು ಡ್ರಮ್ಮುಗಳಲ್ಲಿ ನೈಟ್ರೇಟ್ ಲವಣಗಳಿದ್ದವು. ತೇವ ಹೀರಲೆಂದು ಅದಕ್ಕೆ ಬೆರೆಸಬೇಕಿದ್ದದ್ದು ಜೇಡಿಮಣ್ಣಿನ ಜಾತಿಯ ಹರಳು; ಬೆರೆಸಿದ್ದು ಬೆಕ್ಕುಗಳ ಮಲಮೂತ್ರ ಹೀರಲು ಬಳಸುವ, ಗೋಧಿಯಿಂದ ಮಾಡಿದ ಪುಡಿ. ಹೀರುವುದರಲ್ಲಿ ಎರಡೂ ಒಂದೇ. ಆದರೆ ಜೇಡಿಮಣ್ಣು ಕೊಡಬಹುದಾದ ಎಲೆಕ್ಟ್ರಾನ್‌ಗಳನ್ನೆಲ್ಲ ಎಂದೋ ಕೊಟ್ಟು ಮುಗಿಸಿದೆ, ಗೋಧಿ ಇನ್ನೂ ಕೊಟ್ಟಿಲ್ಲ. ಡ್ರಮ್ಮು ಒಳಗೊಳಗೇ ಕಾಯುತ್ತಾ ಹೋಗಿ ಫೆಬ್ರವರಿ 14ರ ರಾತ್ರಿ ಬಾಯಿ ತೆರೆಯಿತು. ವಿಕಿರಣ ವಸ್ತು ಹೊರಗೆ ಹರಡಿತು, ಸಂಗ್ರಹಾಗಾರ ಮುಚ್ಚಿತು. ಅಲ್ಲಿ ಮತ್ತೆ ತ್ಯಾಜ್ಯ ಇಳಿಸಲು ಶುರುಮಾಡಿದ್ದು 2017ರ ಜನವರಿಯಲ್ಲಿ.